ಹಳದಿ-ಕಪ್ಪು ಗೋಲಿ: ಪೆಲ್ಟಿಯರ್‌ನದೋ, ಮಾರ್ಬಲ್ ಕಿಂಗ್‌ನದೋ?

ಪ್ರಶ್ನೆ: ನಾವು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದೇವೆ. ಪಕ್ಕದ ಮನೆಯ ಅಜ್ಜಿ ಮನೆ ಖಾಲಿ ಮಾಡುವಾಗ ನನ್ನ ಮಗಳಿಗೆ ಒಂದು ಕಾಫಿ ಡಬ್ಬಿ ತುಂಬ ಹಳೇ ಗಾಜಿನ ಗೋಲಿ ಕೊಟ್ಟರು. ಅವರ ಗಂಡ ಮತ್ತು ಮೈದುನಂದಿರು ಆಡಿದ ಗೋಲಿಗಳಂತೆ. ಅದರಲ್ಲಿ ಒಂದು ಹಳದಿ-ಕಪ್ಪು ಗೋಲಿ ಇದೆ, ಅಡ್ಡಳತೆ 16 ಮಿಲಿಮೀಟರ್. ಹಳೇ ಸಾಮಾನಿನ ಸಂತೆಯಲ್ಲಿ ಒಬ್ಬರು ನೋಡಿ, "ಇದು ಪೆಲ್ಟಿಯರ್ ಬಂಬಲ್‌ಬೀ, ನೂರು ಡಾಲರ್‌ಗೆ ಕಡಿಮೆ ಮಾರಬೇಡಿ" ಅಂದರು. ಇನ್ನೊಬ್ಬರು ಮಾರ್ಬಲ್ ಕಿಂಗ್ ಬಂಬಲ್‌ಬೀ ಅಂದರು. ಎರಡೂ ಗೋಲಿ ಮಾಡುತ್ತಿದ್ದ ಕಂಪನಿಗಳ ಹೆಸರಂತೆ. ಗೋಲಿ ಮೇಲೆ ಎಲ್ಲೂ ಹೆಸರಿಲ್ಲ. ಒಂದು ಕಡೆ ಸಣ್ಣ ಚಕ್ಕೆ ಎದ್ದಿದೆ, ಒಳಗೆ ಬಿಳಿ ಕಾಣುತ್ತದೆ. ಯಾರು ಮಾಡಿದ್ದು ಅಂತ ತಿಳಿಯುವುದು ಹೇಗೆ? ಪಾಲಿಶ್ ಮಾಡಿಸಿದರೆ ಬೆಲೆ ಜಾಸ್ತಿಯಾಗುತ್ತದಾ? ಫೋಟೊಗಳನ್ನು ಕಳಿಸಿದ್ದೇನೆ.

ಉತ್ತರ: ಮೊದಲು ಪಾಲಿಶ್ ವಿಷಯ. ದಯವಿಟ್ಟು ಮಾಡಿಸಬೇಡಿ. ಹಳೇ ಗೋಲಿಯ ಮೇಲ್ಮೈ ಅಂದರೆ ಅದು ಕಾರ್ಖಾನೆಯಿಂದ ಬಂದ ದಿನದ ಚರ್ಮ. ಅದನ್ನು ಒಮ್ಮೆ ಉಜ್ಜಿ ತೆಗೆದರೆ ಬೆಲೆಯೂ ಹೋಯಿತು, ಯಾರು ಮಾಡಿದ್ದು ಅಂತ ಹೇಳುವ ಗುರುತುಗಳೂ ಹೋದವು. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆ ಬಟ್ಟೆ, ಇಷ್ಟು ಸಾಕು. ಬಿಸಿ ನೀರಿಗೆ ಹಾಕಬೇಡಿ. ಮೊದಲೇ ಒಳಗೆ ಸಣ್ಣ ಬಿರುಕಿದ್ದರೆ ಹಠಾತ್ ಬಿಸಿಗೆ ಅದು ಓಡುತ್ತದೆ.

ಈಗ ನಿಮ್ಮ ಗೋಲಿ. ಅದು ಮಾರ್ಬಲ್ ಕಿಂಗ್‌ನದು. ನೀವು ಬೇಜಾರಿನಿಂದ ಬರೆದಿರುವ ಆ ಚಕ್ಕೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಸಹಾಯ ಮಾಡಿತು. ಹೇಗೆ ಅಂತ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಗೋಲಿ ಹೇಗೆ ಹುಟ್ಟುತ್ತದೆ ಅಂತ ನೋಡೋಣ. ಅದು ಗೊತ್ತಾದರೆ ಡಬ್ಬಿಯ ಉಳಿದ ಗೋಲಿಗಳನ್ನು ನೀವೇ ಓದಬಹುದು.

ಗೋಲಿಯ ಮೇಲೆ ಯಾರೂ ಹೆಸರು ಹಾಕುತ್ತಿರಲಿಲ್ಲ. ಹೆಸರು ಇರುತ್ತಿದ್ದದ್ದು ಪೆಟ್ಟಿಗೆ ಮೇಲೆ, ಚೀಲದ ಮೇಲೆ. ಆಕ್ರೋ ಅಗೇಟ್ ಕಂಪನಿಯ ಗುರುತು ನೋಡಿ: ಇಂಗ್ಲಿಷಿನ 'ಎ' ಅಕ್ಷರದೊಳಗಿಂದ ಗೋಲಿ ಕಚ್ಚಿಕೊಂಡು ಹಾರುವ ಕಾಗೆ. ಚೆಂದದ ಗುರುತು. ಆದರೆ ಅದು ಪೆಟ್ಟಿಗೆಯಲ್ಲೇ ಉಳಿಯಿತು, ಗೋಲಿಗಳು ಹುಡುಗರ ಜೇಬಿಗೆ ಹೋದವು. ಪೆಟ್ಟಿಗೆ ಹರಿದು ಹೋದ ಮೇಲೆ ಗೋಲಿಗೆ ಉಳಿದ ಸಾಕ್ಷಿ ಅದರ ಮೈ ಮಾತ್ರ.

ಆ ಮೈ ತಯಾರಾಗುವುದು ಹೀಗೆ. ಕುಲುಮೆಯಲ್ಲಿ ಗಾಜು ಕರಗಿ, ತಳದ ತೂತಿನಿಂದ ಬೆಲ್ಲದ ಪಾಕದ ಹಾಗೆ ಎಳೆಯಾಗಿ ಇಳಿಯುತ್ತದೆ. ಕೆಳಗೆ ಒಂದು ಕತ್ತರಿ ತಾಳಕ್ಕೆ ಸರಿಯಾಗಿ ಆ ಎಳೆಯನ್ನು ತುಂಡು ತುಂಡು ಮಾಡುತ್ತದೆ. ಪ್ರತಿ ತುಂಡೂ ಒಂದು ಕೆಂಡದಂಥ ಮುದ್ದೆ. ಅದು ಪಕ್ಕಪಕ್ಕದಲ್ಲಿ ತಿರುಗುವ ಎರಡು ಕಬ್ಬಿಣದ ರೋಲರ್‌ಗಳ ಮೇಲೆ ಬೀಳುತ್ತದೆ. ರೋಲರ್‌ಗಳಿಗೆ ತಿರುಪಿನ ಹಾಗೆ ಸುತ್ತಿಕೊಂಡ ಕಾಲುವೆ ಇರುತ್ತದೆ. ಮುದ್ದೆ ಆ ಕಾಲುವೆಯಲ್ಲಿ ಉರುಳುತ್ತ ಮುಂದೆ ಸಾಗುತ್ತದೆ, ಸಾಗುತ್ತ ದುಂಡಗಾಗುತ್ತದೆ, ದುಂಡಗಾಗುತ್ತ ಗಟ್ಟಿಯಾಗುತ್ತದೆ. ಅಂಗೈಯಲ್ಲಿ ರಾಗಿ ಮುದ್ದೆ ಹೊರಳಿಸುವ ಕೆಲಸವನ್ನು ಇಲ್ಲಿ ರೋಲರ್‌ಗಳು ಮಾಡುತ್ತವೆ.

ಈ ಯಂತ್ರದ ಹಿಂದಿನ ಬುದ್ಧಿ ಮಾರ್ಟಿನ್ ಕ್ರಿಸ್ಟೆನ್ಸನ್ ಅವರದು. ಡೆನ್ಮಾರ್ಕ್‌ನಿಂದ ಬಂದು ನಿಮ್ಮದೇ ರಾಜ್ಯದ ಆಕ್ರನ್‌ನಲ್ಲಿ ನೆಲೆಸಿದವರು. ಉಕ್ಕಿನ ಬೇರಿಂಗ್ ಗುಂಡುಗಳನ್ನು ಮಾಡುವ ಕೆಲಸದಿಂದ ಅವರಿಗೆ ಗಾಜಿನ ಗೋಲಿಯ ಯೋಚನೆ ಬಂತು. 1905ರಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೂ ಮುಂಚೆ ಅಮೆರಿಕದ ಮಕ್ಕಳು ಆಡುತ್ತಿದ್ದ ಒಳ್ಳೆಯ ಗಾಜಿನ ಗೋಲಿಗಳು ಹೆಚ್ಚಾಗಿ ಜರ್ಮನಿಯ ಲೌಷಾ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದವು. ಅವು ಕೈಯಲ್ಲಿ ಮಾಡಿದವು. ಬಣ್ಣದ ಗಾಜಿನ ಕೋಲಿನಿಂದ ಕತ್ತರಿಸುತ್ತಿದ್ದ ಕಾರಣ ಅವುಗಳ ತುದಿಯಲ್ಲಿ ಒರಟು ಗಂಟು ಉಳಿಯುತ್ತದೆ. ಬೆರಳಿಗೆ ಆ ಒರಟು ಸಿಕ್ಕಿದರೆ ಅದನ್ನು ಬೇರೆ ಎತ್ತಿಡಿ.

ಈಗ ಮುಖ್ಯವಾದ ಮಾತು. ಕತ್ತರಿ ಕಚ್ಚಿದ ಜಾಗ ಮುದ್ದೆಯ ಮೇಲೆ ಗೆರೆಯಾಗಿ ಉಳಿಯುತ್ತದೆ. ಅಲ್ಲಿ ಬಣ್ಣದ ಪಟ್ಟಿಗಳು ಮಡಚಿಕೊಳ್ಳುತ್ತವೆ, ಇಲ್ಲವೇ ಥಟ್ಟನೆ ನಿಲ್ಲುತ್ತವೆ. ಇದಕ್ಕೆ ಸೀಮ್ ಅನ್ನುತ್ತಾರೆ. ಬಣ್ಣವನ್ನು ಎಲ್ಲಿಂದ ಬಿಟ್ಟರು, ಎಷ್ಟು ಆಳಕ್ಕೆ ಬಿಟ್ಟರು, ಎಳೆಯನ್ನು ತಿರುಗಿಸಿದರೋ ಇಲ್ಲವೋ, ಇದೆಲ್ಲ ಒಂದೊಂದು ಕಾರ್ಖಾನೆಯಲ್ಲಿ ಒಂದೊಂದು ಥರ. ಹಳದಿ ಗಾಜು ಯಾರು ಬೇಕಾದರೂ ಮಾಡಬಹುದು, ಕಪ್ಪೂ ಅಷ್ಟೇ. ಆದರೆ ಯಂತ್ರದ ಕೈವಾಡ ಮಾತ್ರ ಬೇರೆಬೇರೆ. ಆದ್ದರಿಂದ ಬಣ್ಣ ನೋಡಿ ಹೆಸರು ಹೇಳಬಾರದು. ಕಟ್ಟಿರುವ ರೀತಿ ನೋಡಿ ಹೇಳಬೇಕು. ಸಂತೆಯವರು ಎಡವಿದ್ದು ಇಲ್ಲೇ.

ಅವರನ್ನು ದೂರುವುದಿಲ್ಲ, ಯಾಕೆಂದರೆ ಹೆಸರುಗಳೇ ಗೊಂದಲ ಮಾಡುತ್ತವೆ. ಬಂಬಲ್‌ಬೀ, ವಾಸ್ಪ್, ಜೀಬ್ರಾ ಇಂಥ ಹೆಸರುಗಳು ಬಹುಪಾಲು ಸಂಗ್ರಹಕಾರರು ಆಮೇಲೆ ಇಟ್ಟವು. ಪೆಲ್ಟಿಯರ್‌ನ ಹಳದಿ-ಕಪ್ಪು ಗೋಲಿಗೂ ಬಂಬಲ್‌ಬೀ ಅಂತಾರೆ, ಮಾರ್ಬಲ್ ಕಿಂಗ್‌ನ ಹಳದಿ-ಕಪ್ಪಿಗೂ ಬಂಬಲ್‌ಬೀ ಅಂತಾರೆ. ಕೆಂಪು-ಕಪ್ಪು ಆದರೆ ಎರಡಕ್ಕೂ ವಾಸ್ಪ್. ಒಂದೇ ಬೀದಿಯಲ್ಲಿ ಇಬ್ಬರು ಮಂಜುನಾಥ ಇದ್ದ ಹಾಗೆ. ಬರೀ ಹೆಸರು ಕೂಗಿದರೆ ಇಬ್ಬರೂ ತಿರುಗಿ ನೋಡುತ್ತಾರೆ.

ಆ ಎರಡು ಬಂಬಲ್‌ಬೀಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳೋಣ.

ಪೆಲ್ಟಿಯರ್ ಗ್ಲಾಸ್ ಕಂಪನಿ ಇಲಿನಾಯ್ ರಾಜ್ಯದ ಒಟ್ಟಾವಾ ಊರಿನದು. ಫ್ರಾನ್ಸ್‌ನಿಂದ ಬಂದ ವಿಕ್ಟರ್ ಪೆಲ್ಟಿಯರ್ 1886ರಲ್ಲಿ ಶುರು ಮಾಡಿದ ಗಾಜಿನ ಕಾರ್ಖಾನೆ ಅದು. ಒಟ್ಟಾವಾದ ನೆಲದಡಿಯ ಮರಳು ತುಂಬಾ ಶುದ್ಧ, ಗಾಜಿಗೆ ಹೇಳಿ ಮಾಡಿಸಿದ್ದು. 1920ರ ದಶಕದಲ್ಲಿ ಅವರು ಗೋಲಿಗೆ ಇಳಿದರು. ಅವರ ಹೆಸರುವಾಸಿ ಸಾಲು ನ್ಯಾಷನಲ್ ಲೈನ್ ರೇನ್‌ಬೋ. ನೀವು ಕೇಳಿದ ನೂರು ಡಾಲರ್ ಮಾತು ಈ ಸಾಲಿನ ಬಂಬಲ್‌ಬೀಗೆ ಸೇರಿದ್ದು.

ಅದನ್ನು ಕೈಗೆತ್ತಿಕೊಂಡರೆ ಇಡೀ ಗೋಲಿ ಹಳದಿ. ಒಳಗೂ ಹಳದಿ, ಹೊರಗೂ ಹಳದಿ. ಆ ಹಳದಿ ಮೈ ಮೇಲೆ ನಾಲ್ಕರಿಂದ ಆರು ಕಪ್ಪು ಪಟ್ಟಿಗಳು ಒಂದು ಸೀಮ್‌ನಿಂದ ಇನ್ನೊಂದು ಸೀಮ್‌ವರೆಗೆ ಹರಿದಿರುತ್ತವೆ. ಪಟ್ಟಿಗಳು ಒಂದೇ ಅಗಲ ಇರುವುದಿಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ, ಕುಂಚದಲ್ಲಿ ಎಳೆದ ಹಾಗೆ. ಕೆಲವು ಗೋಲಿಗಳಲ್ಲಿ ಕಪ್ಪು ಪಟ್ಟಿಯನ್ನು ಬಿಸಿಲಿಗೆ ಹಿಡಿದರೆ ಒಳಗೆ ಸಣ್ಣ ಮಿನುಗು ಕಾಣುತ್ತದೆ. ಇದಕ್ಕೆ ಅವೆಂಚುರಿನ್ ಅಂತಾರೆ. ಅಭ್ರಕದ ಪುಡಿ ಅಂತ ಹಲವರು ತಿಳಿಯುತ್ತಾರೆ, ಅಲ್ಲ. ಗಾಜು ತಣಿಯುವಾಗ ಅದರೊಳಗೇ ಹುಟ್ಟುವ ಸಣ್ಣ ಹರಳುಗಳು ಅವು. ಮೊದಲ ಸಲ ಅದನ್ನು ಲೂಪ್ ಎಂಬ ಸಣ್ಣ ಭೂತಗನ್ನಡಿಯಲ್ಲಿ ನೋಡಿದ ಸಂಜೆ ನನಗೆ ಇವತ್ತೂ ನೆನಪಿದೆ. ಅಮಾವಾಸ್ಯೆ ರಾತ್ರಿಯ ಆಕಾಶದ ಒಂದು ಪಟ್ಟಿ ಕತ್ತರಿಸಿ ಅಂಟಿಸಿದ ಹಾಗಿತ್ತು.

ಮಾರ್ಬಲ್ ಕಿಂಗ್‌ನ ಬಂಬಲ್‌ಬೀ ಬೇರೆ ರೀತಿ. ಅದರಲ್ಲಿ ಹಳದಿ ಮೈ ಮೇಲೆ ಕಪ್ಪು ಬರೆದಿರುವುದಿಲ್ಲ. ಎರಡೂ ಬಣ್ಣ ಸರಿಸಮ. ಒಂದು ತುದಿಯಲ್ಲಿ ಹಳದಿ ಟೋಪಿ, ಅದರ ಪಕ್ಕ ಕಪ್ಪು ಪಟ್ಟಿ, ಮತ್ತೆ ಹಳದಿ ಪಟ್ಟಿ, ಎದುರು ತುದಿಯಲ್ಲಿ ಕಪ್ಪು ಟೋಪಿ. ನಿಮ್ಮ ಎರಡನೇ ಫೋಟೊದಲ್ಲಿ ಇದು ಸ್ಪಷ್ಟವಾಗಿದೆ. ಪಟ್ಟಿಗಳು ಅಗಲವಾಗಿವೆ, ಅಂಚುಗಳು ನೇರವಾಗಿವೆ. ಕುಂಚದ ಸಪೂರ ಗೆರೆ ಎಲ್ಲೂ ಇಲ್ಲ.

ಈಗ ಆ ಚಕ್ಕೆ. ಮಾರ್ಬಲ್ ಕಿಂಗ್‌ನವರು ವೆನೀರ್ ಎಂಬ ವಿಧಾನ ಬಳಸಿದರು. ಬಣ್ಣದ ಗಾಜಿಗೆ ಖರ್ಚು ಜಾಸ್ತಿ, ಬಿಳಿ ಗಾಜಿಗೆ ಕಡಿಮೆ. ಹಾಗಾಗಿ ಒಳಗೆ ಬಿಳಿ ತಿರುಳು, ಹೊರಗೆ ಬಣ್ಣದ ತೆಳುವಾದ ಹೊದಿಕೆ. ಹೋಳಿಗೆಯಲ್ಲಿ ಹೂರಣ ಬೇರೆ, ಕಣಕ ಬೇರೆ ಇರುತ್ತಲ್ಲ, ಹಾಗೆ. ನಿಮ್ಮ ಗೋಲಿಯ ಹಳದಿ ಭಾಗದಲ್ಲಿ ಚಕ್ಕೆ ಎದ್ದ ಕಡೆ ಬಿಳಿ ಕಂಡಿತು ಅಂದಿರಿ. ಪೆಲ್ಟಿಯರ್ ಆಗಿದ್ದರೆ ಅಲ್ಲಿ ಮತ್ತೆ ಹಳದಿಯೇ ಕಾಣಬೇಕಿತ್ತು. ಹೊದಿಕೆ ಅಷ್ಟು ತೆಳ್ಳಗಿದೆ ಅಂದ ಮೇಲೆ ಪೆಲ್ಟಿಯರ್‌ನ ಮಾತು ಅಲ್ಲಿಗೆ ಮುಗಿಯಿತು.

ಪಾರ್ಕರ್ಸ್‌ಬರ್ಗ್‌ನ ವಿಟ್ರೋ ಅಗೇಟ್‌ನವರೂ ತೆಳು ಹೊದಿಕೆಯ ಗೋಲಿ ಮಾಡಿದ್ದಾರಲ್ಲ ಅಂತ ತಿಳಿದವರು ಕೇಳಬಹುದು. ನಿಜ. ಅದಕ್ಕೇ ಚಕ್ಕೆಯೊಂದನ್ನೇ ನಂಬಲಿಲ್ಲ. ಟೋಪಿ-ಪಟ್ಟಿ-ಪಟ್ಟಿ-ಟೋಪಿ ಅನ್ನುವ ಜೋಡಣೆ, ಆ ಗಾಢ ಹಳದಿ, ಅಪ್ಪಟ ಕಪ್ಪು, ಎದುರುಬದುರಾಗಿ ಎರಡು ಸೀಮ್, ಇವೆಲ್ಲ ಕೂಡಿದಾಗ ಮಾರ್ಬಲ್ ಕಿಂಗ್ ಬಿಟ್ಟು ಬೇರೆ ಹೆಸರು ಬರುವುದಿಲ್ಲ. ಮೆಕ್ಸಿಕೊದ ಗ್ವಾದಲಹಾರಾ ನಗರದ ವಾಕೋರ್ ಕಾರ್ಖಾನೆಯ ಗೋಲಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ನೋಡಿದೆ. ಅವುಗಳ ಮೇಲೆ ಎಷ್ಟೋ ಸಲ ನೀರಿನ ಮೇಲೆ ಎಣ್ಣೆ ಹರಡಿದಂಥ ಹೊಳಪು ಇರುತ್ತದೆ, ಮೇಲ್ಮೈ ಸ್ವಲ್ಪ ಅಲೆಅಲೆ. ನಿಮ್ಮದರಲ್ಲಿ ಅದಿಲ್ಲ.

ಈ ಎರಡು ಬಂಬಲ್‌ಬೀಗಳ ನಡುವೆ ಒಂದು ನಂಟಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಮಾರ್ಬಲ್ ಕಿಂಗ್ ಅನ್ನುವುದು ಮೊದಲು ಕಂಪನಿಯ ಹೆಸರಲ್ಲ, ಬೆರಿ ಪಿಂಕ್ ಎಂಬ ಗೋಲಿ ವ್ಯಾಪಾರಿಯ ಅಡ್ಡಹೆಸರು. ಊರೂರು ಸುತ್ತಿ, ಗೋಲಿ ಪಂದ್ಯಗಳಿಗೆ ಹೋಗಿ, ಮಕ್ಕಳಿಗೆ ಗೋಲಿ ಹಂಚುತ್ತಿದ್ದ ಮನುಷ್ಯ ಅವರು. 1949ರಲ್ಲಿ ವೆಸ್ಟ್ ವರ್ಜೀನಿಯಾದ ಸೇಂಟ್ ಮೇರಿಸ್ ಊರಿನಲ್ಲಿ ಲಾರೆನ್ಸ್ ಆಲಿ ಎಂಬವರ ಗೋಲಿ ಕಾರ್ಖಾನೆಯನ್ನು ಬೆರಿ ಪಿಂಕ್ ಕೊಂಡರು. ಅವರ ಜೊತೆ ಪಾಲುದಾರರಾಗಿ ನಿಂತವರು ಯಾರು ಗೊತ್ತಾ? ಸೆಲ್ಲರ್ಸ್ ಪೆಲ್ಟಿಯರ್, ಒಟ್ಟಾವಾದ ವಿಕ್ಟರ್ ಪೆಲ್ಟಿಯರ್ ಅವರ ಮಗ. ಅಂದರೆ ನಿಮ್ಮ ಗೋಲಿ ಪೆಲ್ಟಿಯರ್ ಅಲ್ಲ, ಆದರೆ ಪೆಲ್ಟಿಯರ್ ಮನೆತನಕ್ಕೆ ಹೊರಗಿನದೂ ಅಲ್ಲ. 1958ರಲ್ಲಿ ಸೇಂಟ್ ಮೇರಿಸ್‌ನ ಕಾರ್ಖಾನೆಗೆ ಬೆಂಕಿ ಬಿತ್ತು. ಆಮೇಲೆ ಕಂಪನಿ ಒಹಾಯೊ ನದಿಯ ದಡದ ಪೇಡನ್ ಸಿಟಿಗೆ ಹೋಯಿತು. ನಿಮ್ಮ ಊರಿಂದ ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ವಾಪಸ್ ಬರಬಹುದಾದಷ್ಟು ದೂರ.

ಹೊದಿಕೆ ತೆಳ್ಳಗಿರುವುದರಿಂದ ನಿಮ್ಮ ಗೋಲಿ 1950ರ ದಶಕದ ನಡುವಿನ ಈಚೆಯದು ಅಂತ ನನ್ನ ಅಂದಾಜು. ಬೆಲೆ ಕೇಳಿದ್ದೀರಿ. ಈ ಬಣ್ಣವನ್ನು ಅವರು ರಾಶಿ ರಾಶಿ ಮಾಡಿದ್ದಾರೆ. ಚಕ್ಕೆ ಇಲ್ಲದಿದ್ದರೂ ಒಂದೆರಡು ಡಾಲರ್ ಅಷ್ಟೇ. ನನಗೂ ಹಿಂದೆ ಒಬ್ಬ ಮಾರಾಟಗಾರರು ಮಾರ್ಬಲ್ ಕಿಂಗ್‌ನ ವಾಸ್ಪ್ ಅನ್ನು ಪೆಲ್ಟಿಯರ್ ಅಂತ ಕೊಟ್ಟಿದ್ದರು. ಹತ್ತು ಪಟ್ಟು ಹಣ ಕೊಟ್ಟು ಮನೆಗೆ ತಂದು, ವಾರವಾದ ಮೇಲೆ ಸೀಮ್ ನೋಡಿ ತಿಳಿಯಿತು. ತುಂಬಾ ನೋವಾಯಿತು. ಆ ಗೋಲಿಯನ್ನು ಇವತ್ತೂ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಹೊಸಬರು ಬಂದರೆ ನಿಜವಾದ ಪೆಲ್ಟಿಯರ್ ಪಕ್ಕ ಅದನ್ನಿಟ್ಟು ತೋರಿಸುತ್ತೇನೆ. ಪುಸ್ತಕದ ಚಿತ್ರಕ್ಕಿಂತ ಅದರಿಂದ ಬೇಗ ಅರ್ಥವಾಗುತ್ತದೆ.

ಆದರೆ ನೀವು ಕಳಿಸಿದ ಡಬ್ಬಿಯ ಫೋಟೊವನ್ನು ನಾನು ಸುಮ್ನೆ ಬಿಡಲಿಲ್ಲ, ದೊಡ್ಡದು ಮಾಡಿ ನೋಡಿದೆ. ಎಡಗಡೆ ಮೂಲೆಯಲ್ಲಿ ಒಂದು ಬಿಳಿ-ಕೆಂಪು ಗೋಲಿ ಇದೆ. ನೀವು ಅದರ ಬಗ್ಗೆ ಏನೂ ಬರೆದಿಲ್ಲ. ಅದರ ಕೆಂಪು ಪಟ್ಟಿ ಮೇಲಿಂದ ಕೆಳಕ್ಕೆ ತಿರುಪಿನ ಹಾಗೆ ಸುತ್ತಿಕೊಂಡು ಇಳಿದಂತೆ ಕಾಣುತ್ತದೆ. ಅದು ಹಾಗೇ ಇದ್ದರೆ ಆಕ್ರೋ ಅಗೇಟ್‌ನ ಕಾರ್ಕ್‌ಸ್ಕ್ರೂ.

ಆಕ್ರೋ ಕಂಪನಿ 1911ರಲ್ಲಿ ಆಕ್ರನ್‌ನಲ್ಲಿ ಹುಟ್ಟಿತು. 1914ರಲ್ಲಿ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ಗೆ ಹೋಯಿತು, ಯಾಕೆಂದರೆ ಅಲ್ಲಿ ಒಳ್ಳೆ ಮರಳಿತ್ತು, ಕುಲುಮೆಗೆ ನೈಸರ್ಗಿಕ ಅನಿಲ ಅಗ್ಗವಾಗಿ ಸಿಗುತ್ತಿತ್ತು. ಅದೇ ವರ್ಷ ಮಹಾಯುದ್ಧ ಶುರುವಾಗಿ ಜರ್ಮನಿಯ ಗೋಲಿ ಬರುವುದು ನಿಂತಿತು. ಆಕ್ರೋದ ಅದೃಷ್ಟ ತೆರೆಯಿತು. ಅವರು ಗಾಜಿನ ಎಳೆ ಇಳಿಯುವ ಜಾಗದಲ್ಲಿ ತಿರುಗುವ ಬಟ್ಟಲನ್ನು ಇಟ್ಟರು. ಎಳೆ ತಿರುಗುತ್ತ ಇಳಿದಾಗ ಬಣ್ಣಗಳು ಒಂದರ ಪಕ್ಕ ಒಂದು ಸುತ್ತಿಕೊಳ್ಳುತ್ತವೆ, ಒಂದನ್ನೊಂದು ದಾಟುವುದಿಲ್ಲ. ಒಂದು ತುದಿಯಲ್ಲಿ ಬೆರಳಿಟ್ಟು ಪಟ್ಟಿಯ ಮೇಲೇ ಸಾಗಿದರೆ ಎತ್ತದೆ ಇನ್ನೊಂದು ತುದಿ ಮುಟ್ಟಬಹುದು. ಅಮೆರಿಕದ ಹಳೇ ಯಂತ್ರದ ಗೋಲಿಗಳಲ್ಲಿ ನಾನು ಧೈರ್ಯವಾಗಿ ಒಂದೇ ನೋಟಕ್ಕೆ ಹೆಸರು ಹೇಳುವುದು ಇದಕ್ಕೆ ಮಾತ್ರ. ಆದರೆ ಬಣ್ಣ ಅಡ್ಡಾದಿಡ್ಡಿಯಾಗಿ ಹೊರಳಿದ್ದರೆ, ಒಂದರ ಮೇಲೆ ಇನ್ನೊಂದು ಹತ್ತಿದ್ದರೆ, ಅದು ಕಾರ್ಕ್‌ಸ್ಕ್ರೂ ಅಲ್ಲ, ಸ್ವರ್ಲ್. ಸ್ವರ್ಲ್ ಮಾಡಿದವರು ಹತ್ತಾರು ಮಂದಿ: ಆಲಿ, ಪೆನ್ಸ್‌ಬರೊದ ಚಾಂಪಿಯನ್, ಕೇರೊ ಊರಿನ ಹೀಟನ್, ರೇವನ್ಸ್‌ವುಡ್. ಅಲ್ಲಿ ದೊಡ್ಡ ದೊಡ್ಡ ತಜ್ಞರೂ ಜಗಳ ಆಡುತ್ತಾರೆ. ಆಕ್ರೋ 1951ರಲ್ಲಿ ಮುಚ್ಚಿತು. ಆದ್ದರಿಂದ ನಿಮ್ಮದು ಕಾರ್ಕ್‌ಸ್ಕ್ರೂ ಆಗಿದ್ದರೆ ಆ ಬಂಬಲ್‌ಬೀಗಿಂತ ಹಿರಿಯದು.

ಡಬ್ಬಿಯಲ್ಲಿ ಪಾರದರ್ಶಕ ಗೋಲಿಯೊಳಗೆ ಬಣ್ಣದ ಎಸಳಿರುವವು ಬಹಳಷ್ಟಿವೆ. ನಾವು ಕರ್ನಾಟಕದಲ್ಲಿ ಚಿಕ್ಕವರಿದ್ದಾಗ ಆಡಿದ್ದೂ ಇಂಥವನ್ನೇ ಜಾಸ್ತಿ, ಅಲ್ವಾ? ಒಳಗೆ ಹೂವಿರುವ ಗೋಲಿ. ಇಲ್ಲಿ ಅದಕ್ಕೆ ಕ್ಯಾಟ್ಸ್ ಐ, ಬೆಕ್ಕಿನ ಕಣ್ಣು ಅನ್ನುತ್ತಾರೆ. 1950ರ ಸುಮಾರಿಗೆ ಜಪಾನಿನಿಂದ ಅವು ಅಮೆರಿಕಕ್ಕೆ ಬಂದಾಗ ಮಕ್ಕಳು ಮುಗಿಬಿದ್ದರು. ಇಲ್ಲಿನ ಕಾರ್ಖಾನೆಗಳು ಹೆದರಿ ತಾವೂ ಮಾಡತೊಡಗಿದವು. ಎಸಳುಗಳನ್ನು ಎಣಿಸಿ. ನಾಲ್ಕೋ ಐದೋ ತೆಳುವಾದ ಎಸಳು, ಗಾಜು ಸ್ವಲ್ಪ ಹಸಿರು ಬಾಟಲಿಯ ಬಣ್ಣ, ಹಾಗಿದ್ದರೆ ಏಷ್ಯಾದಿಂದ ಬಂದದ್ದು. ಒಂದೇ ಒಂದು ದಪ್ಪ ಎಸಳು ಬಾಳೆಹಣ್ಣಿನ ಹಾಗೆ ಬಾಗಿ ನಿಂತಿದ್ದರೆ ಅದು ಪೆಲ್ಟಿಯರ್. ಸಂಗ್ರಹಕಾರರು ಅದನ್ನು ಬನಾನಾ ಅಂತಲೇ ಕರೆಯುತ್ತಾರೆ. ನಿಮ್ಮ ಡಬ್ಬಿಯಲ್ಲಿ ಪೆಲ್ಟಿಯರ್ ಸಿಕ್ಕರೆ ಅದು ಇಲ್ಲೇ ಸಿಗಬಹುದು.

ಬಣ್ಣವೇ ಇಲ್ಲದ, ತಿಳಿ ಹಸಿರಿನ ಸಾದಾ ಗೋಲಿಗಳನ್ನು ಬದಿಗಿಡಿ. ಅಮೆರಿಕದಲ್ಲಿ ಫೈಬರ್‌ಗ್ಲಾಸ್ ಎಳೆಯಲು ಕರಗಿಸುವುದಕ್ಕೆಂದೇ ಗೋಲಿಗಳನ್ನು ಮಾಡುತ್ತಿದ್ದರು. ಅಂಥವೂ ಮಕ್ಕಳ ಕೈ ಸೇರಿವೆ. ನಮ್ಮ ಗೋಲಿ ಸೋಡಾ ಬಾಟಲಿಯ ಗೋಲಿಯದೂ ಇದೇ ಕಥೆ. ಹಿರಾಂ ಕಾಡ್ ಎಂಬ ಇಂಗ್ಲಿಷ್ ಮನುಷ್ಯ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಬಾಟಲಿ ಒಡೆದರೆ ಒಳಗಿನ ಗೋಲಿ ನಮ್ಮದು ಅಂತ ಕಾಯುತ್ತಿದ್ದ ದಿನಗಳು ನಿಮಗೂ ಇರಬಹುದು. ಎಷ್ಟು ಪ್ರೀತಿಯಿಂದ ಇಟ್ಟುಕೊಂಡಿದ್ದರೂ ಆ ಗೋಲಿ ತನ್ನನ್ನು ಯಾರು ಮಾಡಿದರು ಅಂತ ಹೇಳುವುದಿಲ್ಲ. ಪಟ್ಟಿ ಇಲ್ಲ, ಮಡಿಕೆ ಇಲ್ಲ, ಓದಲು ಏನೂ ಇಲ್ಲ.

ಉಳಿದವನ್ನು ನೋಡಲು ದೊಡ್ಡ ಸಲಕರಣೆ ಬೇಡ. ಚಿನ್ನದಂಗಡಿಯವರು ಕಣ್ಣಿಗೆ ಹಿಡಿಯುವ 10 ಪಟ್ಟಿನ ಲೂಪ್ ಒಂದು ತಗೊಳ್ಳಿ. ಮಧ್ಯಾಹ್ನದ ಬೆಳಕಿನಲ್ಲಿ, ಬಿಳಿ ಬಟ್ಟೆ ಮೇಲೆ, ಒಂದೊಂದೇ ಗೋಲಿ ತಿರುಗಿಸಿ. ಮೊದಲು ಸೀಮ್ ಹುಡುಕಿ, ಆಮೇಲೆ ಬಣ್ಣ ನೋಡಿ. ನೇರಳಾತೀತ ಟಾರ್ಚ್ ಹಾಕಿದರೆ ಕೆಲವು ಹೊಳೆಯುತ್ತವೆ, ಮಗಳಿಗೆ ಖುಷಿಯಾಗುತ್ತದೆ. ಆದರೆ ಹೊಳಪೊಂದನ್ನೇ ನಂಬಿ ಹೆಸರು ಹೇಳಬೇಡಿ, ಬೇರೆಬೇರೆ ಕಂಪನಿಗಳ ಗಾಜೂ ಹೊಳೆಯುತ್ತದೆ. ಮೇಲ್ಮೈ ಮೇಲೆ ಉಗುರಿನ ಗುರುತಿನಂಥ ಅರ್ಧಚಂದ್ರ ಕಂಡರೆ ಅದು ಇನ್ನೊಂದು ಗೋಲಿ ಬಡಿದ ಏಟು. ಆಡಿದ ಗೋಲಿಗೆ ಅದು ಇರಲೇಬೇಕು. ಮಾರುವವರಿಗೆ ಅದು ಕುಂದು. ಆ ಅಜ್ಜಿಯ ಮನೆಯವರು ಎಷ್ಟು ಗುರಿ ಇಟ್ಟು ಹೊಡೆದಿದ್ದರು ಅಂತ ನನಗೆ ಅದರಲ್ಲಿ ಕಾಣುತ್ತದೆ.

ಇನ್ನೊಂದು ಹೆಸರು ಹೇಳಿಬಿಡುತ್ತೇನೆ. ನಿಮ್ಮ ಊರಿಂದ ಪೂರ್ವಕ್ಕೆ 70ನೇ ಹೆದ್ದಾರಿಯಲ್ಲಿ ಹೋದರೆ ಕೇಂಬ್ರಿಜ್ ಸಿಗುತ್ತದೆ. ಕ್ರಿಸ್ಟೆನ್ಸನ್ ಅಗೇಟ್ ಅನ್ನುವ ಕಂಪನಿ ಅಲ್ಲಿ 1933ರವರೆಗೆ ಇತ್ತು. ಆಗಲೇ ಹೇಳಿದ ಮಾರ್ಟಿನ್ ಕ್ರಿಸ್ಟೆನ್ಸನ್ ಅವರ ಕಂಪನಿ ಬೇರೆ, ಇದು ಬೇರೆ. ಯಂತ್ರದ ಗೋಲಿಗಳಲ್ಲಿ ಅತಿ ದುಬಾರಿಯಾದವು ಇವರವು. ಕಣ್ಣಿಗೆ ಹೊಡೆಯುವಂಥ ಕಿತ್ತಳೆ, ಹಳದಿ. ಗೋಲಿಯ ಮೈತುಂಬ ಬಣ್ಣದ ಚುಕ್ಕೆ ಸಿಡಿಸಿದ ಗಿನಿ ಎಂಬ ಬಗೆಗಂತೂ ಜನ ಹುಡುಕಾಡುತ್ತಾರೆ, ಅದಕ್ಕೇ ನಕಲೂ ಹುಟ್ಟಿವೆ. ಫೋಟೊದಲ್ಲಿ ಅಂಥದ್ದು ನನಗೆ ಕಾಣಲಿಲ್ಲ. ಆದರೆ ಡಬ್ಬಿಯ ತಳ ಫೋಟೊದಲ್ಲಿ ಬಂದಿಲ್ಲ.

ಆ ಬಿಳಿ-ಕೆಂಪು ಗೋಲಿಯ ಆರು ಫೋಟೊ ಕಳಿಸಿ: ಎರಡು ತುದಿ, ನಾಲ್ಕು ಬದಿ. ಫ್ಲ್ಯಾಶ್ ಹಾಕಬೇಡಿ. ಉರುಳದಂತೆ ಬಾಟಲಿ ಮುಚ್ಚಳದ ಮೇಲೆ ಕೂರಿಸಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಇನ್ನೊಂದು ಕೆಲಸ, ಇದು ಫೋಟೊಗಿಂತ ಬೇಗ ಆಗಬೇಕು. ಅಜ್ಜಿ ಎಲ್ಲಿಗೆ ಹೋಗಿದ್ದಾರೋ ಅಲ್ಲಿಗೆ ಫೋನ್ ಮಾಡಿ, ಅವರ ಯಜಮಾನರು ಬೆಳೆದ ಊರು ಯಾವುದು ಅಂತ ಕೇಳಿ, ಒಂದು ಚೀಟಿಯಲ್ಲಿ ಬರೆದು ಅದೇ ಕಾಫಿ ಡಬ್ಬಿಯೊಳಗೆ ಹಾಕಿಡಿ.